ಕೊಟ್ಟುಡು

ಕುದುರೆ ಲದ್ದಿ ಹುಡುಕಿಕೊಂಡು ಮೂರು ವರ್ಷದಿಂದ ಮದರಾಸು ಸುತ್ತುತ್ತಿರುವವಳು ನಾನು, ಸಂಹಿತಾ. ಕುದುರೆಯ ಕರುಳಿನಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಂದು ಬದುಕುವ ವೈರಸ್‌ಗಳಿವೆ. ನಮಗೆ ಅವು ಏನೂ ಮಾಡುವುದಿಲ್ಲ. ಅವುಗಳಲ್ಲಿ ಒಂದು, ಕುದುರೆಮರಿಗಳಿಗೆ ಭೇದಿ ಹಿಡಿಸಿ ಸಾಯಿಸುವ, ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾವನ್ನು ಮುಗಿಸುತ್ತಿತ್ತು. ನಮ್ಮ ರಾಯಪುರಂನಲ್ಲೇ ಮದುವೆ ಮೆರವಣಿಗೆಗೆ ಹೋಗುತ್ತಿದ್ದ ಒಂದು ಹೆಣ್ಣುಕುದುರೆಯ ಲದ್ದಿಯಲ್ಲಿ ಮಾತ್ರ ಅದು ಸಿಕ್ಕಿತ್ತು. ಹೋದ ತಿಂಗಳು ಆ ಕುದುರೆ ಸತ್ತುಹೋಯಿತು. ಉಳಿದದ್ದು ಆ ಲದ್ದಿ ಕಲಸಿ ಸೋಸಿದ ನೀರಿನ ಒಂದೇ ಬಾಟಲಿ. ಅದರಿಂದ ಇನ್ನಷ್ಟು ಬೆಳೆಸಿಡುವ ಕೆಲಸವನ್ನು ನಾಳೆ ನಾಳೆ ಎಂದು ಮುಂದೂಡಿದವಳೂ ನಾನೇ.

ಲ್ಯಾಬಿನ ಫ್ರಿಜ್ ಕೆಟ್ಟು ಎರಡು ದಿನ ಆ ಬಾಟಲಿ ನಮ್ಮ ಮನೆಯಲ್ಲಿತ್ತು. "ಮೊಸರಿನ ಪಕ್ಕ ಲದ್ದಿನೇನೇ? ತಲೆ ನೆಟ್ಟಗಿದೆಯೇ ನಿಂಗೆ?" ಎಂದು ಅಜ್ಜಿ ರಮಾಬಾಯಿ ನನ್ನ ಪ್ರಾಣ ಹಿಂಡಿದರು.

ಫ್ರಿಜ್ ಸರಿಯಾದ ದಿನ ಬೆಳಿಗ್ಗೆ ನಾನು ಅಂಬತ್ತೂರಿನ ಲ್ಯಾಬಿನಲ್ಲಿದ್ದೆ. ಬಾಟಲಿ ತರಲು ಸಹೋದ್ಯೋಗಿ ಮೋಹನ್ ಬೈಕಿನಲ್ಲಿ ಹೊರಟಿದ್ದ. ತಮ್ಮ ಸುಜಯೀಂದ್ರನಿಗೆ ಫೋನ್ ಮಾಡಿದೆ. "ಸುಜಿ, ಫ್ರಿಜ್ಜಲ್ಲಿರೋ ಬಾಟಲಿ ಕೊಟ್ಟುಡು," ಎಂದು ಇಟ್ಟುಬಿಟ್ಟೆ. ಕೊಟ್ಟುಬಿಡು ಎಂಬುದನ್ನು ನಮ್ಮ ಮನೆಯಲ್ಲಿ ಹಾಗೆ ನುಂಗಿ ಹೇಳುತ್ತೇವೆ.

ಅರ್ಧ ಗಂಟೆಗೆ ಮೋಹನ್ ಫೋನ್ ಮಾಡಿದ. ಬಾಟಲಿ ಇಲ್ಲ.

"ಎಲ್ಲೋ ಅದು?" ಎಂದು ಮತ್ತೆ ಫೋನ್ ಮಾಡಿ ಸುಜಿಯ ಮೇಲೆ ಹರಿಹಾಯ್ದೆ.

"ನೀದಾನೇ ಕೊಟ್ಟ ಸೊನ್ನೆ? ಟಾಯ್ಲೆಟ್‌ಲ ಕೊಟ್ಟಿಟ್ಟೇನ್‌ಕ್ಕಾ."

ನೀನೇ ತಾನೇ ಹೇಳಿದ್ದು, ಟಾಯ್ಲೆಟ್ಟಿನಲ್ಲಿ ಸುರಿದುಬಿಟ್ಟೆ ಎನ್ನುತ್ತಿದ್ದ. ತಮಿಳಿನಲ್ಲಿ ಕೊಟ್ಟು ಎಂದರೆ ಸುರಿ! ಹುಟ್ಟಿದಾಗಿನಿಂದ ಕನ್ನಡ ಕೇಳಿ ತಮಿಳಿನಲ್ಲೇ ಉತ್ತರ ಕೊಡುವ ಮಹಾನುಭಾವ, ನನ್ನ ಮೂರು ವರ್ಷವನ್ನು ಸುರಿದು ನೀರು ಬಿಟ್ಟಿದ್ದ. ಖಾಲಿ ಬಾಟಲಿ ಕಸದ ಬುಟ್ಟಿಗೆ, ಬುಟ್ಟಿ ಕಾರ್ಪೊರೇಷನ್ ವ್ಯಾನಿಗೆ.

"ಕತ್ತೆ! ಮನೆ ಮಾತು ಬರಲ್ಲ, ಮನೇಲಿ ಯಾಕೋ ಇದೀಯ?" ಎಂದು ಕಿರುಚಿದೆ. ಫೋನ್ ಕಟ್ಟಾಯಿತು.

ಆಟೋ ಹಿಡಿದೆ. ಸಿಗ್ನಲ್ಲು, ಲಾರಿ, ಮತ್ತೆ ಸಿಗ್ನಲ್ಲು. ಡ್ರೈವರನಿಗೆ ಬೈದೆ, ಲಾರಿಗೆ ಬೈದೆ, ಸುಜಿಗೆ ಹತ್ತು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಯಾರಿಗೆ ಕೊಡಬೇಕೆಂದು ನಾನು ಹೇಳಲೇ ಇಲ್ಲ ಎಂಬುದು ಅಷ್ಟರಲ್ಲಿ ಹೊಳೆಯಿತು. ಬೈಯಲು ಇನ್ನು ಯಾರೂ ಉಳಿಯಲಿಲ್ಲ. ನಾಚಿಕೆಯಾಯಿತು, ಅಳು ಬಂತು.

ಸುಜಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಬ್ಯಾಂಕಿನ ಕೆಲಸಕ್ಕೆಂದು ಇಸ್ತ್ರಿ ಮಾಡಿದ ಅಂಗಿಯ ತುಂಬ ಮೀನಿನ ಕಸ, ಬರಿಗಾಲು, ಮೊಣಕೈಯಲ್ಲಿ ರಕ್ತ. ಕೈಯಲ್ಲಿ ಮುಚ್ಚಳ ಹಾಕಿದ ಬಾಟಲಿ.

"ವ್ಯಾನ್ ಹೋಯ್ತು. ಹಾರ್ಬರ್ ತನಕ ಓಡಿದೆ," ಎಂದ. ಪ್ರತಿ ಶಬ್ದವನ್ನೂ ಹುಡುಕಿ ಹುಡುಕಿ, ಕನ್ನಡದಲ್ಲಿ. "ತಳದಲ್ಲಿ ಸ್ವಲ್ಪ ಇದೆ. ಸ್ವಲ್ಪ ಸಾಕಾ ಅಕ್ಕಾ?"

"ಒಂದು ತೊಟ್ಟು ಸಾಕು ಕಣೋ," ಎಂದೆ. "ತಪ್ಪು ನಂದು." ಅವನು ತಲೆ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ, ಆ ತೊಟ್ಟು ಹಾಕಿ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ವೈರಸ್ ಬ್ಯಾಕ್ಟೀರಿಯಾವನ್ನು ಕೊಂದಲ್ಲೆಲ್ಲ ತೂತು ಬಿದ್ದಿತ್ತು. ಸುಜಿಗೆ ಫೋನ್ ಮಾಡಿದೆ.

"ಬದುಕಿದೆ."

"ಯಾರು?"

"ಅದೇ ಕಣೋ, ನೀನು ಓಡಿ ಹಿಡಿದದ್ದು," ಎಂದೆ. ಆ ಕಡೆಯಿಂದ ಅವನು ಅಳುವುದು ಕೇಳಿಸಿತು.