ಲಕ್ಕಿ ಕೂತ ಬೆಂಚು

ಕುಮಟೆಯ ಪೇಟೆಯಲ್ಲಿ ಹರಿವೆ, ಬಸಳೆ ಮಾರುವ ಹಾಲಕ್ಕಿ ಬುಡಕಟ್ಟಿನ ಮುದುಕಿ ಲಕ್ಕಿ. ಆ ಸೋಮವಾರ ಆದದ್ದು ಇಷ್ಟೇ. ಕಾಲು ನೋಯುತ್ತಿತ್ತೆಂದು ದೇವಪ್ಪನ ಚಹಾ ಹೋಟೆಲಿನ ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು. ಅಲ್ಲಿ ಹಾಲಕ್ಕಿಗಳಿಗೆ ಚಹಾ ಹಿಂಬಾಗಿಲಲ್ಲಿ, ಅದೂ ನಿಂತುಕೊಂಡೇ. ಊರಿಗೆಲ್ಲ ಗೊತ್ತಿದ್ದ, ಯಾರೂ ಬಾಯಿ ಬಿಡದ ರೂಢಿ ಅದು.

"ಏಳೇ ಕಾಡುಜಾತಿ! ಮೈಮೇಲೆ ನೆಟ್ಟಗೆ ಬಟ್ಟೆ ಇಲ್ಲ, ಮಣಿಸರ ಹೇರ್ಕಂಡು ಬೆಂಚಿಗೆ ಬಂತು!" ಎಂದು ದೇವಪ್ಪ ಅವಳ ರಟ್ಟೆ ಹಿಡಿದು ಹೊರಗೆ ದಬ್ಬಿದ. ಒಳಗೆ ಕೂತವರು ಬಜ್ಜಿ ತಿನ್ನುವುದನ್ನು ನಿಲ್ಲಿಸಲಿಲ್ಲ. ಸಂಜಯನೆಂಬ ತರುಣ ಮಾತ್ರ ಕೂತಲ್ಲಿಂದಲೇ ಮೊಬೈಲ್ ಎತ್ತಿದ.

ಮೂರೇ ದಿನಕ್ಕೆ ಆ ವಿಡಿಯೋ ಬ್ಲೂಟೂತಿನಲ್ಲಿ ಹೊನ್ನಾವರ ದಾಟಿ ಭಟ್ಕಳ ಮುಟ್ಟಿತು. ಆರ್ಕುಟ್ ಜಾಲತಾಣದಲ್ಲಿ ದೇವಪ್ಪನ ಮನೆ, ಅವನ ಮಗಳ ಕಾಲೇಜು ಎಲ್ಲ ಬಯಲಾಯಿತು. ಲಕ್ಕಿ ಬಸ್ಸು ಹತ್ತಿದರೆ, "ಅಜ್ಜಿ, ಅದು ನೀನೇ ಅಲ್ದಾ?" ಎನ್ನುವವರೇ. ದೇವಪ್ಪ ದಬ್ಬಿದ್ದು ಒಂದು ಸಲ. ಈ ದರಿದ್ರದವರು ವಿಡಿಯೋ ಹಾಕಿ ಹಾಕಿ ದಿನಕ್ಕೆ ನೂರು ಸಲ ದಬ್ಬಿಸುತ್ತಿದ್ದರು. ಲಕ್ಕಿಗೆ ಮೈಯೆಲ್ಲ ಉರಿಯಿತು.

ಶುಕ್ರವಾರ ನಲವತ್ತು ಜನ ಹೋಟೆಲಿಗೆ ನುಗ್ಗಿ ಬಜ್ಜಿಯಿಡುವ ಗಾಜಿನ ಪೆಟ್ಟಿಗೆ ಒಡೆದರು. ಮುಂದಾಳು ಯಾರು? ಅದೇ ಸಂಜಯ.

"ಬಾ ಅಜ್ಜಿ, ಅವ ಇವತ್ತು ನಿನ್ನ ಕಾಲಿಗೆ ಬೀಳ್ಬೇಕು," ಎಂದು ಲಕ್ಕಿಯನ್ನು ಕರೆತಂದ.

ಅಂಗಿ ಹರಿದು, ಮೂಗಿನಲ್ಲಿ ರಕ್ತ ಸುರಿಯುತ್ತಿದ್ದ ದೇವಪ್ಪನ ತಲೆಯನ್ನು ನಾಲ್ಕು ಕೈಗಳು ಅವಳ ಪಾದಕ್ಕೆ ಒತ್ತಿದವು. ಹತ್ತಾರು ಮೊಬೈಲುಗಳು ಮೇಲೆದ್ದವು. ಲಕ್ಕಿ ಸರಕ್ಕನೆ ಕಾಲು ಹಿಂದೆ ಎಳೆದುಕೊಂಡಳು. ಅವನ ಮೇಲೆ ಅವಳಿಗೆ ಅಯ್ಯೋ ಎನಿಸಲಿಲ್ಲ. ಖುಷಿಯೂ ಆಗಲಿಲ್ಲ.

"ಇವ ಕಾಲಿಗೆ ಬೀಳ್ಲಿ ಅಂತ ನಾ ಕೇಳ್ಲಿಲ್ಲ. ಕೂತ್ಕಂಡು ಚಾ ಕುಡೂಕೆ ಬಂದವ್ಳು ನಾನು. ಏ ದೇವಪ್ಪ, ಚಾ ತಾ!"

ಗಾಜಿನ ಚೂರು ದಾಟಿ ಹೋಗಿ ಅದೇ ಬೆಂಚಿನಲ್ಲಿ ಕೂತಳು. ದೇವಪ್ಪ ಮೂಗು ಒರೆಸಿಕೊಂಡು ಚಹಾ ತಂದಿಟ್ಟ.

"ಬಾ ತಮ್ಮಾ, ಕೂತ್ಕೋ," ಎಂದು ಸಂಜಯನನ್ನು ಕರೆದಳು. "ನೀವೂ ಬನ್ನಿ. ನನ್ನ ಸಂಗ್ತಿಗೆ ಒಂದ್ ಚಾ ಕುಡ್ದು ಹೋಗಿ."

"ಬೇಡ ಅಜ್ಜಿ, ನಾ ವಿಡಿಯೋ ಮಾಡ್ಬೇಕು," ಎಂದ ಸಂಜಯ. ಒಬ್ಬನಿಗೆ ಈಗಷ್ಟೇ ಚಹಾ ಆಗಿತ್ತು. ಇನ್ನೊಬ್ಬ ಬಾಗಿಲ ಕಡೆ ಸರಿದ. ಬೆಂಚಿನಲ್ಲಿ ನಾಲ್ಕು ಜನರಿಗೆ ಜಾಗವಿತ್ತು, ಯಾರೂ ಕೂರಲಿಲ್ಲ.

ಲಕ್ಕಿ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಹಂಗಾರೆ ಇವನೊಬ್ಬನಿಗೇ ಎಂತಕ್ಕೆ ಹೊಡೆದ್ರಿ?"