ಮೂರು ಲಕ್ಷದ ಆಟಗಾರ

ಅವರ್ಸಾದ ರೂಪೇಶ ಹರಿಕಂತ್ರನನ್ನು ಗೋವಾದ ಮಡಗಾಂವದ ಫುಟ್ಬಾಲ್ ಕ್ಲಬ್ಬಿನವರು ಕೇಳಿಕೊಂಡು ಬಂದದ್ದು ಎರಡು ಸಾವಿರದ ಒಂದನೇ ಇಸವಿಯ ಜೂನ್ ಕೊನೆಗೆ, ಬೋಟುಗಳೆಲ್ಲ ದಡ ಹತ್ತಿದ ಮೇಲೆ. ಆ ಬೇಸಿಗೆಯಲ್ಲಿ ಕಾರವಾರದ ಮಾಲಾದೇವಿ ಮೈದಾನದಲ್ಲಿ ಒಂದು ಟೂರ್ನಮೆಂಟ್ ನಡೆದಿತ್ತು. ಸೆಮಿಫೈನಲ್‌ನಲ್ಲಿ ರೂಪೇಶ ಎರಡು ಗೋಲು ಹೊಡೆದ. ಎರಡನೆಯದನ್ನು ಹೊಡೆಯುವಾಗ ಅವನ ಬೆನ್ನು ಗೋಲಿನ ಕಡೆಗಿತ್ತು. ಚೆಂಡನ್ನು ಎದೆಯ ಮೇಲೆ ಇಳಿಸಿಕೊಂಡು, ತಿರುಗಿದ್ದೇ ಕಾಣದಂತೆ ತಿರುಗಿ ಹೊಡೆದಿದ್ದ. ನೆಂಟರ ಮನೆಗೆಂದು ಕಾರವಾರಕ್ಕೆ ಬಂದಿದ್ದ ಕಾಯ್ತಾನ್ ಅದನ್ನು ನೋಡಿದ್ದರು. ಅವರು ಮಡಗಾಂವದ ಒಂದು ದೊಡ್ಡ ಕ್ಲಬ್ಬಿನ ಮ್ಯಾನೇಜರು.

ಕಾಯ್ತಾನ್ ನೇರ ಬಂದದ್ದು ಮಾದೇವನ ಮನೆಗೆ. ಮಾದೇವ ರೂಪೇಶನ ಸೋದರಮಾವ. ಊರಿನ ಸಾಗರದೀಪ ಸ್ಪೋರ್ಟ್ಸ್ ಕ್ಲಬ್ಬನ್ನು ಹುಟ್ಟುಹಾಕಿದವನು, ಅದರ ಕಾರ್ಯದರ್ಶಿ, ಕೋಚು, ಆಟ ಮುಗಿದ ಮೇಲೆ ಬಲೆ ಬಿಚ್ಚಿ ಮಡಚಿಡುವವನು ಎಲ್ಲವೂ ಅವನೇ. ರೂಪೇಶನ ಅಪ್ಪ ರತ್ನಾಗಿರಿಯ ಬೋಟಿಗೆ ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿಕೊಂಡಿದ್ದ. ತಾಯಿ ಗಂಗೂ ಅಂಕೋಲೆಯ ಪೇಟೆಯಲ್ಲಿ ಮೀನು ಮಾರಿ ಮಗನನ್ನು ಸಾಕಿದಳು. ಆದರೆ ಅವನನ್ನು ಆಟಗಾರನನ್ನಾಗಿ ಮಾಡಿದವನು ಮಾದೇವ. ಬೆಳಿಗ್ಗೆ ಸಮುದ್ರದಂಡೆಯ ಮೆದು ಮರಳಿನಲ್ಲಿ ಓಡಿಸುತ್ತಿದ್ದ. ತನ್ನ ಮಕ್ಕಳಿಗೆ ಕೊಡದ ಮೊಟ್ಟೆಯನ್ನು ಇವನಿಗೆ ಕೊಡುತ್ತಿದ್ದ. ಮೊದಲ ಜೋಡಿ ಬೂಟನ್ನು ಮಡಗಾಂವಕ್ಕೇ ಹೋಗಿ ತಂದಿದ್ದ. ಊರಿನವರಿಗೆ ಇದೆಲ್ಲ ಗೊತ್ತಿತ್ತು, ರೂಪೇಶನಿಗೂ ಗೊತ್ತಿತ್ತು.

ಗಂಗೂ ಬೆಳಚು ಎಂಬ ಚಿಪ್ಪುಮೀನಿನ ಸುಕ್ಕೆ ಮಾಡಿ ಅಣ್ಣನ ಮನೆಗೆ ತಂದುಕೊಟ್ಟಳು. ಕಾಯ್ತಾನ್ ಚೆನ್ನಾಗಿ ಉಂಡು, ಕೊಂಕಣಿಯಲ್ಲಿ ಅವಳ ಕೈಯ ರುಚಿಯನ್ನು ಹೊಗಳಿ, ಆಮೇಲೆ ವಿಷಯಕ್ಕೆ ಬಂದರು. ರೂಪೇಶನಿಗೆ ತಿಂಗಳಿಗೆ ಆರು ಸಾವಿರ, ಊಟ ವಸತಿ ಬೇರೆ. ಅವನನ್ನು ಬಿಟ್ಟುಕೊಡುವ ಸಾಗರದೀಪ ಕ್ಲಬ್ಬಿಗೆ ನಲವತ್ತು ಸಾವಿರ. ಈ ಬದಿಯ ಯಾವ ಹುಡುಗನಿಗೂ ತಾವು ಇಷ್ಟು ಕೊಟ್ಟಿಲ್ಲ ಎಂದರು. ಅಂತರರಾಜ್ಯ ವರ್ಗಾವಣೆಗೆ ಜುಲೈ ಕೊನೆಯವರೆಗೆ ಅವಕಾಶ. ಅಷ್ಟರೊಳಗೆ ಕ್ಲಬ್ಬಿನ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರ ಒಪ್ಪಿಗೆಯೂ ಬೇಕು. ಮಾದೇವ ತನ್ನ ಒಪ್ಪಿಗೆಯನ್ನು ಆಗಲೇ ಕೊಟ್ಟಂತೆ ನಗುತ್ತಿದ್ದ. ಅಧ್ಯಕ್ಷರು ಮಲ್ಪೆಗೆ ಹೋಗಿದ್ದಾರೆ, ಬಂದ ಕೂಡಲೇ ಮುಗಿಸಿಬಿಡುತ್ತೇನೆ ಎಂದ.

ಅಧ್ಯಕ್ಷ ಹರಿಶ್ಚಂದ್ರನಿಗೆ ಬೇಲೇಕೇರಿಯಲ್ಲಿ ಎರಡು ಟ್ರಾಲರುಗಳೂ ಒಂದು ಐಸ್ ಫ್ಯಾಕ್ಟರಿಯೂ ಇದ್ದವು. ಮಾದೇವ ಕೆಲಸ ಮಾಡುತ್ತಿದ್ದದ್ದು ಅದೇ ಫ್ಯಾಕ್ಟರಿಯಲ್ಲಿ. ಹರಿಶ್ಚಂದ್ರ ಫುಟ್ಬಾಲ್ ಆಡಿದವನಲ್ಲ. ವರ್ಷಕ್ಕೊಮ್ಮೆ ಐಸ್ ಫ್ಯಾಕ್ಟರಿಯ ಹೆಸರು ಅಚ್ಚು ಹಾಕಿಸಿದ ಜರ್ಸಿ ಕೊಡಿಸುತ್ತಿದ್ದ, ಫೈನಲ್ ದಿನ ಕುರ್ಚಿಯಲ್ಲಿ ಕೂರುತ್ತಿದ್ದ. ಅವನು ಮಲ್ಪೆಯಿಂದ ತಿರುಗಿ ಬರುವಾಗ ಜುಲೈ ಎರಡನೇ ವಾರ. ಅದೇ ವಾರ ಯುರೋಪಿನಲ್ಲಿ ಒಬ್ಬ ಆಟಗಾರನನ್ನು ಒಂದು ಕ್ಲಬ್ಬಿನಿಂದ ಇನ್ನೊಂದು ಕ್ಲಬ್ಬು ಮುನ್ನೂರು ಕೋಟಿ ರೂಪಾಯಿಯಷ್ಟು ಕೊಟ್ಟು ಕೊಂಡಿತು, ಜಗತ್ತಿನಲ್ಲೇ ಅದು ದಾಖಲೆ ಎಂಬ ಸುದ್ದಿ ಪೇಪರಿನಲ್ಲೂ ಟಿವಿಯಲ್ಲೂ ಬಂತು. ಹರಿಶ್ಚಂದ್ರ ಆ ಸುದ್ದಿಯನ್ನು ಅಂಕೋಲೆಯ ಹೋಟೆಲಿನಲ್ಲಿ ಕೂತು ಓದಿದ್ದ. ಮಾದೇವ ಬಂದು ಕಾಯ್ತಾನ್ ಹೇಳಿದ್ದನ್ನು ತಿಳಿಸಿದಾಗ ಅವನ ತಲೆಯಲ್ಲಿ ಇದ್ದದ್ದು ಆ ಮುನ್ನೂರು ಕೋಟಿಯೇ.

“ಆ ದೇಶದವ್ರಿಗೆ ಮುನ್ನೂರು ಕೋಟಿ ಕೊಡೂಕಾಗ್ತದೆ. ಗೋವಾದವ್ರಿಗೆ ಮೂರು ಲಕ್ಷ ಕೊಡೂಕೆ ಎಂತ ಧಾಡಿ?” ಎಂದ ಹರಿಶ್ಚಂದ್ರ.

ಮಾದೇವ ಮೊದಲು ಹೆದರಿದ. ಅಷ್ಟು ಕೇಳಿದರೆ ಅವರು ಎದ್ದು ಹೋಗುತ್ತಾರೆ ಎಂದ. ಆಗ ಹರಿಶ್ಚಂದ್ರ ಮೈದಾನದ ಮಾತು ತೆಗೆದ. ಸಾಗರದೀಪದ ಹುಡುಗರು ಆಡುತ್ತಿದ್ದದ್ದು ಕೊಯ್ಲು ಮುಗಿದ ಗದ್ದೆಯಲ್ಲಿ. ಮಳೆ ಬಿದ್ದರೆ ಗದ್ದೆಯ ಯಜಮಾನ ಹೂಡಲು ಬರುತ್ತಿದ್ದ, ಆಟ ನಿಲ್ಲುತ್ತಿತ್ತು. ಹೆದ್ದಾರಿಯ ಹತ್ತಿರ ಒಂದು ಸಪಾಟು ಜಾಗವನ್ನು ಮಾದೇವ ವರ್ಷಗಳಿಂದ ಕಣ್ಣಿಟ್ಟು ನೋಡುತ್ತಿದ್ದ, ಹೋದಲ್ಲೆಲ್ಲ ಅದರ ಮಾತನ್ನೇ ಆಡುತ್ತಿದ್ದ. ಮೂರು ಲಕ್ಷ ಬಂದರೆ ಆ ಜಾಗ ಕ್ಲಬ್ಬಿನದಾಗುತ್ತದೆ ಎಂದು ಹರಿಶ್ಚಂದ್ರ ಹೇಳಿದ್ದೇ ತಡ, ಮಾದೇವನ ಹೆದರಿಕೆ ಹೋಯಿತು. ಮನೆಗೆ ಬರುವಷ್ಟರಲ್ಲಿ ಅವನಿಗೂ ಮೂರು ಲಕ್ಷ ನ್ಯಾಯವಾದ ಬೆಲೆಯಾಗಿಯೇ ಕಂಡಿತು.

ಬೆಲೆಯ ಸುದ್ದಿ ಕಾಯ್ತಾನ್‌ಗೆ ಮುಟ್ಟುವ ಮೊದಲೇ ಊರಿಗೆ ಮುಟ್ಟಿತು. ಕಾರವಾರದ ಒಂದು ವಾರಪತ್ರಿಕೆಯಲ್ಲಿ ‘ಜಿಲ್ಲೆಯಲ್ಲೇ ದಾಖಲೆ ಮೊತ್ತ’ ಎಂದು ಫೋಟೋ ಸಹಿತ ಬಂತು. ಕೇಳಿದ ಮೊತ್ತವೋ ಕೊಟ್ಟ ಮೊತ್ತವೋ ಎಂದು ಯಾರೂ ಬಿಡಿಸಿ ನೋಡಲಿಲ್ಲ. ಒಂದು ದಿನವೂ ಅವನ ಆಟ ನೋಡದವರು ಬಸ್‌ಸ್ಟ್ಯಾಂಡಿನಲ್ಲಿ ರೂಪೇಶನ ಹೆಗಲ ಮೇಲೆ ಕೈಹಾಕಿದರು. ಅಂಕೋಲೆಯಲ್ಲಿ ಒಂದು ಸನ್ಮಾನವೂ ಆಯಿತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಹರಿಶ್ಚಂದ್ರ ಅರ್ಧ ತಾಸು ಮಾತಾಡಿದ. ವೇದಿಕೆಯ ಮೇಲೆ ರೂಪೇಶ ಶಾಲಿನೊಳಗೆ ಬೆವರುತ್ತ ಕೂತಿದ್ದ. ಮಾತಾಡು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಗಂಗೂಗೆ ಪೇಟೆಯಲ್ಲಿ ಬೇರೆಯೇ ತೊಂದರೆ ಶುರುವಾಯಿತು. ಮಳೆಗಾಲದಲ್ಲಿ ಅವಳು ಒಣಮೀನು ಮಾರುತ್ತಿದ್ದಳು. ಖಾಯಂ ಗಿರಾಕಿಗಳೇ ಈಗ ಚೌಕಾಶಿ ಹೆಚ್ಚು ಮಾಡಿದರು. ಮಗ ಮೂರು ಲಕ್ಷಕ್ಕೆ ಹೋಗುತ್ತಾನಲ್ಲ, ನಾಲ್ಕು ಬಾಂಗಡೆ ಹೆಚ್ಚಿಗೆ ಹಾಕು ಎಂದರು. ಆ ದುಡ್ಡು ನಮಗಲ್ಲ, ಕ್ಲಬ್ಬಿಗೆ ಎಂದು ಅವಳು ಒಬ್ಬೊಬ್ಬರಿಗೂ ಹೇಳಿದಳು. ಯಾರೂ ನಂಬಲಿಲ್ಲ. ಪಕ್ಕದಲ್ಲಿ ಕೂರುವ ಬೀರಿ ಕೂಡ, ಇಷ್ಟು ವರ್ಷದ ಗೆಳತಿ, ನನ್ನ ಹತ್ತಿರವೂ ಮುಚ್ಚಿಡುತ್ತೀಯಾ ಎಂದು ಮುಖ ತಿರುಗಿಸಿದಳು.

ಕಾಯ್ತಾನ್ ಎರಡನೇ ಸಲ ಬಂದಾಗ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಐಸ್ ಫ್ಯಾಕ್ಟರಿಯ ಆಫೀಸಿನಲ್ಲಿ ಕೂತು ಮಾತಾಡಿದರು. ನಲವತ್ತು ಅರವತ್ತಾಯಿತು, ಅರವತ್ತು ಎಪ್ಪತ್ತೈದಾಯಿತು. ಅದಕ್ಕಿಂತ ಮೇಲೆ ಹೋಗುವ ಅಧಿಕಾರ ತನಗಿಲ್ಲ ಎಂದು ಕಾಯ್ತಾನ್ ಕೈಮುಗಿದರು. ಕೇರಳದ ಒಬ್ಬ ಹುಡುಗನನ್ನೂ ನೋಡಿಟ್ಟಿದ್ದೇವೆ, ಆದರೆ ನನಗೆ ಇವನೇ ಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹರಿಶ್ಚಂದ್ರ ನಕ್ಕ. ಪೇಪರಿನಲ್ಲಿ ಮೂರು ಎಂದು ಬಂದ ಮೇಲೆ ಮುಕ್ಕಾಲು ಲಕ್ಷಕ್ಕೆ ಇಳಿದರೆ ತನ್ನ ಮುಖ ಎಲ್ಲಿಡುವುದು ಎಂದ. ಮಾದೇವ ಬಾಗಿಲ ಹತ್ತಿರ ನಿಂತಿದ್ದವನು ಕಾಯ್ತಾನ್ ಅವರ ಕೊಡೆ ಎತ್ತಿ ಕೊಟ್ಟ.

ಮರುದಿನ ರೂಪೇಶ ಮಾವನನ್ನು ಹುಡುಕಿಕೊಂಡು ಫ್ಯಾಕ್ಟರಿಗೆ ಹೋದ. ಸೀಸನ್ ಇಲ್ಲದ್ದರಿಂದ ಮೆಷಿನು ನಿಂತಿತ್ತು. ಮಾದೇವ ಐಸಿನ ಡಬ್ಬಿಗಳಿಗೆ ಬಣ್ಣ ಬಳಿಯುತ್ತಿದ್ದ.

“ಮಾವ, ನೀ ಒಂದ್ಸಲ ಸಾವ್ಕಾರ್ರ ಹತ್ರ ಹೇಳು. ಎಪ್ಪತ್ತೈದು ಸಾಕು ಅಂತ ಹೇಳು.”

ಮಾದೇವ ಕುಂಚ ಕೆಳಗಿಡಲಿಲ್ಲ. “ನೀ ಮೂರು ಲಕ್ಷಕ್ಕೆ ಯೋಗ್ಯ ಇದ್ದೆ ತಮಾ. ನಿನ್ನ ರೇಟು ನಾನೇ ಹೆಂಗೆ ಇಳಿಸ್ಲಿ?”

“ರೇಟು ನಂದಾ, ಕ್ಲಬ್ಬಿಂದಾ?”

“ಎರಡೂ ಒಂದೇಯ.”

ಕ್ಲಬ್ಬು ಒಂದು ಪೈಸೆಯನ್ನೂ ಕೇಳದೆ ಕಳಿಸಿದ್ದರೂ ನಾನು ಹೋಗುತ್ತಿದ್ದೆನಲ್ಲ ಎಂದ ರೂಪೇಶ. ಮೈದಾನಕ್ಕೆ ಬೇಕಾದರೆ ತನ್ನ ಸಂಬಳದಲ್ಲಿ ತಿಂಗಳು ತಿಂಗಳು ಕೊಡುತ್ತೇನೆ ಎಂದೂ ಹೇಳಿದ. ಮಾದೇವ ಕುಂಚವನ್ನು ಮತ್ತೆ ಬಣ್ಣದಲ್ಲಿ ಅದ್ದಿದ. ಗೋವಾದವರು ಬಂದೇ ಬರುತ್ತಾರೆ, ಕೊನೆಯ ದಿನ ಎಲ್ಲ ಕ್ಲಬ್ಬಿನವರೂ ಬಗ್ಗುತ್ತಾರೆ, ನೀನು ಓಟ ಬಿಡಬೇಡ, ತೂಕ ನೋಡಿಕೋ ಎಂದ. ಹಾಗೆ ಹೇಳುವಾಗ ಅವನ ದನಿಯಲ್ಲಿ ಪ್ರೀತಿ ಇತ್ತು. ರೂಪೇಶನಿಗೆ ಸಿಟ್ಟು ಬಂದದ್ದು ಆ ಪ್ರೀತಿಗೇ.

ಕೊನೆಯ ದಿನ ಯಾರೂ ಬರಲಿಲ್ಲ. ಎರಡು ದಿನ ಕಾದು ರೂಪೇಶ ಹೆದ್ದಾರಿ ಬದಿಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ. ಕೇರಳದ ಹುಡುಗ ಸಹಿ ಮಾಡಿಯಾಯಿತು ಎಂದರು ಕಾಯ್ತಾನ್. ಬೇಸರದಿಂದಲೇ ಹೇಳಿದರು, ಮುಂದಿನ ವರ್ಷ ನೋಡೋಣ ಎಂದೂ ಸೇರಿಸಿದರು. ರೂಪೇಶ ದುಡ್ಡು ಕೊಟ್ಟು ಹೊರಗೆ ಬಂದ. ಬೂತಿನವನು ಚಿಲ್ಲರೆ ಎಣಿಸಿ ಕೊಡುತ್ತ, ಯಾವಾಗ ಹೊರಡುತ್ತೀ ಎಂದು ಕೇಳಿದ.

ಹರಿಶ್ಚಂದ್ರನಿಗೆ ಹೆಚ್ಚು ಬೇಸರವಾದಂತೆ ಕಾಣಲಿಲ್ಲ. ಹುಡುಗ ಎಲ್ಲಿಗೂ ಓಡಿಹೋಗುವುದಿಲ್ಲ, ಬರುವ ವರ್ಷ ನಾಲ್ಕು ಕೇಳೋಣ ಎಂದ. ಆದರೆ ಅವನು ಒಂದು ಹೊಸ ಕಟ್ಟುಪಾಡು ತಂದ. ಮಳೆಗಾಲ ಕಳೆದು ಬಂದ ಬೇಸಿಗೆಯಲ್ಲಿ ಬಾವಿಕೇರಿ, ಬೇಲೇಕೇರಿ, ಅಂಕೋಲೆಯಲ್ಲೆಲ್ಲ ಊರೂರ ಟೂರ್ನಮೆಂಟುಗಳಿದ್ದವು. ಕಲ್ಲು ತುಂಬಿದ ಗದ್ದೆಯಲ್ಲಿ ಆಡಿ ಕಾಲು ಮುರಿದುಕೊಂಡರೆ ಮೂರು ಲಕ್ಷ ನೀರಿಗೆ ಹೋದಂತೆ. ರೂಪೇಶನನ್ನು ಇಳಿಸಬಾರದು ಎಂದ. ಮಾದೇವ ಒಪ್ಪಿಕೊಂಡ. ದೊಡ್ಡ ಪಂದ್ಯಗಳಿಗೆ ಮಾತ್ರ ಎಂದು ರೂಪೇಶನನ್ನು ಸಮಾಧಾನ ಮಾಡಿದ. ಆದರೆ ದೊಡ್ಡ ಪಂದ್ಯ ಎಲ್ಲಿತ್ತು? ಅವನು ಜರ್ಸಿ ಹಾಕಿಕೊಂಡು ಗೆರೆಯ ಹೊರಗೆ ಕೂತ. ಅವನಿಲ್ಲದೆ ಸಾಗರದೀಪ ಮೊದಲ ಸುತ್ತಿನಲ್ಲೇ ಸೋತು ಬಂತು. ಆಚೆ ಈಚೆಯ ಊರಿನವರು ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು. ‘ಮೂರು ಲಕ್ಷ’ ಬಂತು ನೋಡು ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲೆ ಅದು ಅವನ ಹೆಸರೇ ಆಯಿತು.

ಬೇಸಿಗೆ ಮುಗಿದು ಜೂನ್ ಬಂದರೂ ಕಾಯ್ತಾನ್ ಬರಲಿಲ್ಲ. ಒಂದು ವರ್ಷ ಎಲ್ಲಿಯೂ ಆಡದವನನ್ನು ಯಾರು ನೋಡಿಯಾರು? ಆಗಸ್ಟಿನಲ್ಲಿ ಬೋಟುಗಳು ನೀರಿಗಿಳಿದಾಗ ರೂಪೇಶ ಬೇಲೇಕೇರಿಯಲ್ಲಿ ದೊಡ್ಡ ಸುತ್ತುಬಲೆ ಬಿಡುವ ಒಂದು ಪರ್ಸೀನ್ ಬೋಟು ಹತ್ತಿದ. ಬಲೆ ಎಳೆದು ಎಳೆದು ಅವನ ಹೆಗಲು ದಪ್ಪವಾಯಿತು, ಓಟ ನಿಂತುಹೋಯಿತು. ಸಂಜೆ ಮಾದೇವ ಬೂಟು ಹಿಡಿದು ಮನೆಗೆ ಬಂದರೆ ಅವನು ಮಲಗಿರುತ್ತಿದ್ದ. ಮಗನನ್ನು ಎಬ್ಬಿಸುವುದಿಲ್ಲ ಎಂದು ಗಂಗೂ ಅಣ್ಣನಿಗೆ ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದಳು.

ಎರಡು ಸಾವಿರದ ಮೂರರಲ್ಲಿ ಹರಿಶ್ಚಂದ್ರನ ಮನಸ್ಸು ರಾಜಕೀಯದ ಕಡೆ ತಿರುಗಿತ್ತು. ಫುಟ್ಬಾಲು ಅವನಿಗೆ ಸಾಕಾಗಿತ್ತು. ಒಂದು ಸಭೆಯಲ್ಲಿ, ಬಡ ಆಟಗಾರನ ಭವಿಷ್ಯದ ದೃಷ್ಟಿಯಿಂದ ರೂಪೇಶನನ್ನು ಯಾವ ಹಣವನ್ನೂ ತೆಗೆದುಕೊಳ್ಳದೆ ಬಿಟ್ಟುಕೊಡುತ್ತಿದ್ದೇವೆ ಎಂದು ಘೋಷಿಸಿದ. ಜನ ಚಪ್ಪಾಳೆ ತಟ್ಟಿದರು. ಮಾದೇವನ ಕಣ್ಣಲ್ಲಿ ನೀರು ಬಂತು. ಅವನು ಆವತ್ತೇ ಮಡಗಾಂವಕ್ಕೆ ಫೋನ್ ಮಾಡಿ, ಬೇಡಿಕೊಂಡು, ಒಂದು ಟ್ರಯಲ್ ಗೊತ್ತು ಮಾಡಿದ.

ರೂಪೇಶ ಒಬ್ಬನೇ ಹೋದ. ಕಾಯ್ತಾನ್ ಮರೆತಿರಲಿಲ್ಲ. ಚಹಾ ಕುಡಿಸಿದರು, ತಾಯಿಯನ್ನು ವಿಚಾರಿಸಿದರು. ಮೈದಾನ ಹಸಿರಾಗಿ, ಸಮವಾಗಿ ಇತ್ತು. ಇಂಥದರ ಮೇಲೆ ಅವನು ಯಾವತ್ತೂ ಆಡಿರಲಿಲ್ಲ. ಎದುರು ನಿಂತ ಡಿಫೆಂಡರುಗಳು ಅವನಿಗಿಂತ ಎರಡು ಮೂರು ವರ್ಷ ಚಿಕ್ಕವರು. ಚೆಂಡು ಎದೆಗೆ ಬಂದು ಇಳಿಯುತ್ತಿತ್ತು, ಅಷ್ಟು ಇನ್ನೂ ಬರುತ್ತಿತ್ತು. ಆದರೆ ಅವನು ತಿರುಗುವಷ್ಟರಲ್ಲಿ ಯಾರಾದರೂ ಅದನ್ನು ಕೊಂಡೊಯ್ದಿರುತ್ತಿದ್ದರು. ಅರ್ಧ ಆಟದಲ್ಲಿ ಕೋಚು ಅವನನ್ನು ಹೊರಗೆ ಕರೆದ. ಕಾಯ್ತಾನ್ ಅವನನ್ನು ಸ್ಟೇಶನ್ನಿನವರೆಗೆ ಸ್ಕೂಟರಿನಲ್ಲಿ ಬಿಟ್ಟರು. ಆವತ್ತೇ ಬಂದಿದ್ದರೆ ಎಂದು ಶುರು ಮಾಡಿ, ಪೂರ್ತಿ ಮಾಡದೆ, ಟಿಕೆಟಿಗೆ ದುಡ್ಡು ಕೊಡಲು ಹೋದರು. ರೂಪೇಶ ತೆಗೆದುಕೊಳ್ಳಲಿಲ್ಲ.

ಹೆದ್ದಾರಿಯ ಹತ್ತಿರದ ಜಾಗವನ್ನು ಆ ವರ್ಷವೇ ಯಾರೋ ಕೊಂಡು ಬೇಲಿ ಹಾಕಿದರು. ಹರಿಶ್ಚಂದ್ರ ಮಾತ್ರ ಭಾಷಣಗಳಲ್ಲಿ ಈಗಲೂ ಹೇಳುತ್ತಿದ್ದ: ಈ ತಾಲೂಕಿನ ಆಟಗಾರನಿಗೆ ಮೂರು ಲಕ್ಷದ ಬೆಲೆ ಬಂದದ್ದು ತನ್ನ ಅಧ್ಯಕ್ಷತೆಯಲ್ಲಿ, ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ ಎಂದು.

ಚೌತಿಯ ದಿನ ಮಾದೇವ ತಂಗಿಯ ಮನೆಗೆ ಬಂದ. ಪ್ರತಿ ವರ್ಷ ಬರುತ್ತಿದ್ದ, ಈ ವರ್ಷ ಯಾರೂ ಕರೆಯದಿದ್ದರೂ ಬಂದ. ಗಂಗೂ ಎಲೆ ಹಾಕಿದಳು. ರೂಪೇಶನ ಎಲೆ ಮಾವನ ಪಕ್ಕದಲ್ಲೇ ಇತ್ತು. ಮಾದೇವ ಅನ್ನ ಕಲಸಿದವನು ಬಾಯಿಗಿಡಲಿಲ್ಲ. ಕ್ಲಬ್ಬಿಗೊಂದು ಜಾಗ ಆಗಲಿ ಎಂದಷ್ಟೇ ತಾನು ನೋಡಿದ್ದು, ದೇವರಾಣೆ ಅದರಲ್ಲಿ ತನಗೊಂದು ಪೈಸೆಯ ಆಸೆ ಇರಲಿಲ್ಲ ಎಂದ. ಅದು ಸುಳ್ಳಲ್ಲ ಎಂದು ಅಲ್ಲಿದ್ದ ಇಬ್ಬರಿಗೂ ಗೊತ್ತಿತ್ತು.

“ನೀ ನನ್ನ ಮಾರಿದ್ರೂ ನಂಗೆ ಬೇಜಾರಿರ್ಲಿಲ್ಲ ಮಾವ,” ಎಂದ ರೂಪೇಶ. “ನೀ ಮಾರ್ಲಿಲ್ಲ, ಬಿಡ್ಲೂ ಇಲ್ಲ.”

ಮಾದೇವ ತಂಗಿಯ ಮುಖ ನೋಡಿದ. ಅವಳು ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು. ಏನಾದರೂ ಹೇಳುತ್ತಾಳೆ ಎಂದು ಅವನು ಕಾದ. ಅವಳು ಬಗ್ಗಿ ಅವನ ಎಲೆಗೆ ಬಡಿಸಿದಳು, ನೆಂಟರಿಗೆ ಬಡಿಸುವಂತೆ, ಸಾಕೋ ಬೇಕೋ ಎಂದು ಕೇಳಿ. ರೂಪೇಶ ತನ್ನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದ. ಹೊರಗಿನ ಜಗಲಿಯಲ್ಲಿ ಕೂತು, ಬೀದಿಯ ಕಡೆ ಮುಖ ಮಾಡಿ ಉಂಡ.