ಉಗಿ ಬಿಡಿ

ನಾನು ಒಂದು ಸೂಚನಾ ಫಲಕ. ಮೈ ಅಲ್ಯೂಮಿನಿಯಂ ತಗಡಿನದು, ಮಾತು ಮಾತ್ರ ಬೇರೆಯವರದು. ನನ್ನ ಮೇಲೆ ಬರೆದದ್ದನ್ನಷ್ಟೇ ನಾನು ಹೇಳಬಲ್ಲೆ. ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಾರೆ. ಕಣ್ಣೆದುರೇ ತಪ್ಪು ನಡೆಯುತ್ತಿರುವಾಗಲೂ ಹೇಳಲಾರೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ವಿದ್ಯಾನಗರದ ಒಂದು ಚಿಕ್ಕ ಕಚೇರಿಯಲ್ಲಿ. ಯಂತ್ರ ನಡೆಸುವ ಕ್ರಮವನ್ನು ಕಾರ್ಖಾನೆಗಳಿಗೆ ಬರೆದುಕೊಡುವುದು, ಕೆಲಸಗಾರರಿಗೆ ತರಬೇತಿ ಕೊಡುವುದು, ಆಮೇಲೂ ಆಗಾಗ ಹೋಗಿ ಅವರ ಪಕ್ಕ ನಿಂತು ತಿದ್ದುವುದು ಆ ಕಚೇರಿಯ ಕಸುಬು. ಮಾಲೀಕರು ಮುತಾಲಿಕ್ ಸರ್. ಬರೆಯುವವರೂ ಕಲಿಸುವವರೂ ಶೈಲಜಾ ಬೆಳವಡಿ. ಮನೆಯ ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವ ಹೆಂಗಸು. ವಾಕ್ಯಗಳನ್ನೂ ಹಾಗೇ ಎಳೆದು ನೋಡುತ್ತಿದ್ದರು.

ನನ್ನನ್ನು ಬರೆಸಿದ್ದು ಮಾವಿನ ರಸವನ್ನು ಡಬ್ಬಿಗೆ ತುಂಬುವ ಒಂದು ಕಾರ್ಖಾನೆ. ತುಂಬಿದ ಡಬ್ಬಿಗಳನ್ನು ಉಗಿಯಲ್ಲಿ ಬೇಯಿಸುವ ದೊಡ್ಡ ಉಕ್ಕಿನ ಪಾತ್ರೆಗೆ ಅಲ್ಲಿಯವರು ಹಂಡೆ ಎನ್ನುತ್ತಾರೆ. ಹಂಡೆಗೆ ಎರಡು ಚಕ್ರಗಳಿವೆ. ಒಂದನ್ನು ತಿರುಗಿಸಿದರೆ ಬಾಯ್ಲರಿನ ಉಗಿ ಒಳಗೆ ಬರುತ್ತದೆ. ಇನ್ನೊಂದನ್ನು ತಿರುಗಿಸಿದರೆ ಒಳಗಿನ ಉಗಿ ಹೊರಗೆ ಹೋಗುತ್ತದೆ. ಶೈಲಜಾ ಬರೆದ ವಾಕ್ಯ ಹೀಗಿತ್ತು: 'ಬಾಗಿಲು ತೆರೆಯುವ ಮೊದಲು ಒಳಗಿನ ಉಗಿಯನ್ನು ಪೂರ್ತಿಯಾಗಿ ಹೊರಗೆ ಬಿಡಿ.'

ಮುತಾಲಿಕ್ ಸರ್ ಪರದೆಯ ಮೇಲೆ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟುದ್ದ ಬರದ್ರ ಅಕ್ಷರ ಇರುವಿ ಆಗ್ತಾವ ನೋಡ್ರಿ. 'ಬಾಗಿಲು ತೆರೆಯುವ ಮೊದಲು ಉಗಿ ಬಿಡಿ.' ಮುಗೀತಲ್ಲ?"

"ಹೊರಗೆ ಅನ್ನೂದು ಬೇಕ ಸರ್. ನಮ್ಮೂರಾಗ ನಳಾ ಬಿಟ್ಟಾರ ಅಂದ್ರ ಏನ್ರಿ? ನೀರು ಬಂತು ಅಂತ ಕೊಡಾ ತೊಗೊಂಡು ಓಡ್ತಾರ. ಉಗಿ ಬಿಡಿ ಅಂದ್ರ ಒಳಗ ಬಿಟ್ಟಗಿಟ್ಟಾರು!"

"ಉಗಿ ಒಳಗ ಇಟಗೊಂಡು ಬಾಗಲಾ ತಗಿಯೋ ಶಾಣ್ಯಾ ಯಾರದಾನ್ರೀ? ನಿಮಗ ಚಿಂತಿ ಮಾಡೂದ ಒಂದು ಚಟಾ ಆಗೇದ."

ಹೀಗೆ ಮೂರು ಪದ ಕಳೆದುಕೊಂಡು ನಾನು ಅಚ್ಚಾದೆ.

ಕಾರ್ಖಾನೆಯಲ್ಲಿ ಮೊದಲು ನನ್ನನ್ನು ಮ್ಯಾನೇಜರ್ ಸವದತ್ತಿ ಸಾಹೇಬರ ಕೋಣೆಯಲ್ಲಿ ಇಟ್ಟರು. ತಪಾಸಣೆಗೆ ಬಂದವರಿಗೆ ತೋರಿಸಲು ಅನುಕೂಲವಂತೆ! ಶೈಲಜಾ ಹಟ ಹಿಡಿದ ಮೇಲೆ ಹಂಡೆಯ ಪಕ್ಕದ ಗೋಡೆಗೆ ತಂದು ಮೊಳೆ ಹೊಡೆದರು. ತರಬೇತಿಯ ದಿನ ಕೆಲಸಗಾರರು ನನ್ನ ಮುಂದೆ ಗುಂಪಾಗಿ ನಿಂತರು. ಹಿಂದಿನಿಂದ ಒಬ್ಬ ಗಟ್ಟಿಯಾಗಿ ಓದಿ, "ಉಗಿ ಬಿಡ್ರಿ ಅಂತೈತಿ. ಯಾರ ಮಾರಿಗೆ ಉಗೀಬೇಕ್ರಿ ಮೇಡಂ?" ಎಂದ. ಎಲ್ಲರೂ ನಕ್ಕರು. ಶೈಲಜಾ ನಗಲಿಲ್ಲ. ಹೊರಗೆ ಬಿಡುವ ಚಕ್ರವನ್ನು ಮುಟ್ಟಿ, ತಿರುಗಿಸಿ ತೋರಿಸಿದರು. ಹೊರಡುವಾಗ ಚೀಲದಿಂದ ಕಪ್ಪು ಮಾರ್ಕರ್ ತೆಗೆದು 'ಉಗಿ'ಯ ಮುಂದೆ ಸಣ್ಣದಾಗಿ 'ಹೊರಗೆ' ಎಂದು ಸೇರಿಸಿದರು. ಆಗ ನನಗಾದ ಹಗುರ ಹೇಳತೀರದು.

ಅದು ಹೆಚ್ಚು ದಿನ ಉಳಿಯಲಿಲ್ಲ. ತಪಾಸಣೆ ಹತ್ತಿರ ಬಂತೆಂದು ಸವದತ್ತಿ ಸಾಹೇಬರು ಥಿನ್ನರ್ ತರಿಸಿ ಒರೆಸಲು ಹೇಳಿದರು. ಒಪ್ಪಿಗೆಯ ಮುದ್ರೆಯಿರುವ ಫಲಕದ ಮೇಲೆ ಕೈಬರಹ ಇರಬಾರದಂತೆ. ಶೈಲಜಾ ಮುಂದಿನ ಸಲ ಬಂದಾಗ ಮತ್ತೆ ಬರೆದರು. ಮತ್ತೆ ಒರೆಸಿದರು. ಹೊಸ ಫಲಕ ಮಾಡಿಸಿ ಎಂದು ಕೇಳಿದರೆ, "ಮಾಡ್ಸೋಣ್ರಿ, ಸೀಜನ್ ಮುಗೀಲಿ" ಎಂಬ ಉತ್ತರ. ಮಾವು ಶುರುವಾದ ಮೇಲಂತೂ ಶೈಲಜಾರ ಭೇಟಿಯನ್ನೇ ಮುಂದಕ್ಕೆ ಹಾಕಿದರು. ಕೆಲಸ ಜೋರಾಗಿರುವಾಗ ಪಾಠ ಬೇಡವೆಂದರು. ಇವರಿಗೆ ಪಾಠ ಯಾವಾಗ ಬೇಕೋ!

ಅಷ್ಟರಲ್ಲಿ ಹಂಡೆ ನೋಡಿಕೊಳ್ಳುತ್ತಿದ್ದವನು ತಂಗಿಯ ಮದುವೆಗೆಂದು ರಜೆ ಹಾಕಿದ. ತರಬೇತಿಗೆ ಬಂದಿರದ ಫಕ್ಕೀರವ್ವನನ್ನು ಡಬ್ಬಿ ತೊಳೆಯುವ ಕಡೆಯಿಂದ ಕರೆತಂದರು.

"ನನಗ ಇದು ಗೊತ್ತಿಲ್ರಿ ಸಾಹೇಬ್ರ" ಎಂದಳು ಅವಳು.

"ಬೋರ್ಡ್ ಐತಲ್ಲ? ಸಾಲಿ ಕಲ್ತಿಯಲ್ಲ? ಓದಿ ಮಾಡು" ಎಂದು ಸಾಹೇಬರು ಹೊರಟುಹೋದರು.

ಫಕ್ಕೀರವ್ವ ಓದಿದಳು. ನನ್ನನ್ನು ನಿಜವಾಗಿ ಓದಿದವಳು ಅವಳೊಬ್ಬಳೇ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು, ಓದಿದಷ್ಟನ್ನೇ ಮಾಡುತ್ತಾ ಹೋದಳು. ಡಬ್ಬಿ ಜೋಡಿಸಿದಳು. ಬಾಗಿಲು ಬಿಗಿದಳು. ಬೇಯಿಸಿದಳು. ಹೊತ್ತಾದ ಮೇಲೆ ಉಗಿ ಬರುವ ಚಕ್ರವನ್ನು ಮುಚ್ಚಿದಳು. ಆಮೇಲೆ ಅವಳ ಬೆರಳು ಆ ಸಾಲಿಗೆ ಬಂತು.

"ಬಾಗಿಲಾ ತಗಿಯೂಕಿಂತ ಮೊದ್ಲ ಉಗಿ ಬಿಡಬೇಕಂತ" ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಗಳಿಗೆ ಯೋಚಿಸಿದಳು. ಆಗತಾನೇ ಮುಚ್ಚಿದ ಚಕ್ರವನ್ನೇ ಮತ್ತೆ ತೆರೆದಳು.

ಹೊರಗೆ, ಹೊರಗೆ ಎಂದು ಕೂಗಬೇಕಿತ್ತು ನಾನು. ನನ್ನ ಮೈಮೇಲೆ ಆ ಪದವಿರಲಿಲ್ಲ. ಹಂಡೆಯ ಒತ್ತಡ ತೋರಿಸುವ ಮುಳ್ಳು ಮೇಲೇರಿತು. ಮುಳ್ಳನ್ನು ನೋಡಬೇಕೆಂದು ಅವಳಿಗೆ ಹೇಳಿದವರಿಲ್ಲ. ಅವಳು ಬಾಗಿಲಿನ ತಿರುಪನ್ನು ಸಡಿಲಿಸಿದಳು. ಸಂದಿಯಿಂದ ಉಗಿ ಸೀಟಿ ಹಾಕಿ ನುಗ್ಗಿ ಬಲಗೈಯನ್ನು ಮೊಣಕೈವರೆಗೂ ಸುಟ್ಟಿತು.

ಕೈಗೆ ಪಟ್ಟಿ ಸುತ್ತಿಕೊಂಡು ಅವಳು ಮತ್ತೆ ಬಂದ ದಿನ ನನ್ನ ಮುಂದೆಯೇ ವಿಚಾರಣೆ ನಡೆಯಿತು. ಮುತಾಲಿಕ್ ಸರ್, ಶೈಲಜಾ ಇಬ್ಬರನ್ನೂ ಕರೆಸಿದ್ದರು. ಸವದತ್ತಿ ಸಾಹೇಬರ ತೀರ್ಮಾನ ಆಗಲೇ ಸಿದ್ಧವಾಗಿತ್ತು. ಸೂಚನೆ ಓದದೆ ಯಂತ್ರ ಮುಟ್ಟಿದ್ದಕ್ಕೆ ಫಕ್ಕೀರವ್ವನನ್ನು ಕೆಲಸದಿಂದ ತೆಗೆಯುವುದು.

"ಓದಿದ್ರ ಹಿಂಗ್ಯಾಕ ಆಗ್ತಿತ್ತು?" ಎಂದರು ಅವರು.

"ಓದೇ ಮಾಡೇನ್ರೀ!" ಫಕ್ಕೀರವ್ವ ಪಟ್ಟಿ ಸುತ್ತಿದ ಕೈಯೆತ್ತಿ ನನ್ನನ್ನು ತೋರಿಸಿದಳು. "ಓದಲಾರದ ಬಿಟ್ಟಿದ್ರ ಯಾರನ್ನರ ಕೇಳ್ತಿದ್ನಿ."

ಮುತಾಲಿಕ್ ಸರ್ ನನ್ನ ಕಡೆಗಲ್ಲ, ನೆಲದ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಅಂಗಳದಿಂದ ಪಂಪಿನವನು ಕೂಗಿದ: "ಸಾಹೇಬ್ರ, ಟಾಕಿಗೆ ನೀರ ಬಿಡ್ಲೇನ್ರಿ?"

"ಬಿಡೋ ಮಾರಾಯಾ, ಅದ್ರಾಗ ಕೇಳೂದೇನೈತಿ?"

ಟಾಕಿಯೊಳಗೆ ನೀರು ಧುಮುಕುವ ಸದ್ದು ಕೇಳಿಸಿತು. ಶೈಲಜಾ ಅಂಜುತ್ತಲೇ ಬಾಯಿ ತೆರೆದರು.

"ಸರ್, ನೀವೀಗ ಬಿಡು ಅಂದ್ರಿ. ಅಂವ ನೀರು ಒಳಗ ಬಿಟ್ಟಾನೋ, ಹೊರಗ ಚೆಲ್ಲ್ಯಾನೋ?"

ಸಾಹೇಬರು ಟಾಕಿಯ ಕಡೆ ಒಮ್ಮೆ ನೋಡಿದರು. "ನೀವು ಕನ್ನಡಾ ಮಾಸ್ತರ್ತಿ ಆಗಬೇಕಿತ್ತು" ಎಂದು ಗೊಣಗಿ ಎದ್ದರು.

ಫಕ್ಕೀರವ್ವನ ಕೆಲಸ ಉಳಿಯಿತು. ಡಬ್ಬಿ ತೊಳೆಯುವ ಕಡೆಗೇ ವಾಪಸು ಕಳಿಸಿದರು. ತಪ್ಪು ಯಾರದೆಂದು ಮಾತ್ರ ಯಾರೂ ಒಪ್ಪಲಿಲ್ಲ. 'ಫಲಕ ಹಳೆಯದಾಗಿತ್ತು' ಎಂದು ವರದಿಯಾಯಿತಂತೆ. ನಾನು ಗೋಡೆಗೆ ಬಂದು ಇನ್ನೂ ಎರಡನೆಯ ಮಾವು ಕಂಡಿರಲಿಲ್ಲ! ಹೀಗೆ ಒಂದೇ ಮಾತಿನಲ್ಲಿ ನನಗೆ ಮುಪ್ಪು ಬಂತು. ಮೊಳೆ ಕಿತ್ತು, ಡಬ್ಬಿಗಳ ಕೋಣೆಯ ಮೂಲೆಗೆ ಒರಗಿಸಿದರು. ಬಾಗಿಲು ತೆರೆದಿದ್ದರೆ ಅಲ್ಲಿಂದ ಹಂಡೆ ಕಾಣುತ್ತದೆ. ನನ್ನ ಜಾಗದಲ್ಲಿ ಈಗ ಹೊಸ ಫಲಕವಿದೆ. ಶೈಲಜಾ ಬರೆದ ವಾಕ್ಯ ಅದರ ಮೇಲೆ ಪೂರ್ತಿಯಾಗಿದೆ. ಅಕ್ಷರಗಳೇನೂ ಇರುವೆಗಳಾಗಿಲ್ಲ.

ಅದನ್ನು ತೂಗುಹಾಕಿದ ದಿನ ಶೈಲಜಾ ಎಲ್ಲರನ್ನೂ ಕರೆದು ಮತ್ತೆ ತರಬೇತಿ ಕೊಟ್ಟರು. ಫಕ್ಕೀರವ್ವ ದೂರ ನಿಂತಿದ್ದಳು. ಕೈಯ ಚರ್ಮ ಗುಲಾಬಿಯಾಗಿ ಸುಕ್ಕುಗಟ್ಟಿತ್ತು.

"ಫಕ್ಕೀರವ್ವಾ, ಒಂದ್ಸಲ ಓದಿ ನೋಡ್ರಿ. ಈಗ ಸರಿ ಐತಿ."

"ನೀವ ಬಾಯಿಲೆ ಹೇಳ್ರಿ ಅಕ್ಕಾರ" ಎಂದಳು ಅವಳು. "ಇನ್ನ ನಾ ಓದಾಕಿ ಅಲ್ಲ."

ಶೈಲಜಾ ಬಾಯಿಂದಲೇ ಹೇಳಿದರು. ಅವಳು ತಲೆಯಾಡಿಸಿದಳು, ಫಲಕದತ್ತ ಕಣ್ಣೆತ್ತಲಿಲ್ಲ.

ನನ್ನನ್ನು ಓದದವರೆಲ್ಲ ಕ್ಷೇಮವಾಗಿದ್ದಾರೆ. ಈ ಮೂಲೆಯಲ್ಲಿ ನನಗೆ ಅರಗದೆ ಉಳಿದಿರುವುದು ಇದೊಂದೇ. ನನ್ನ ನಂತರ ಬಂದದ್ದು ಸರಿಯಾದ ಮಾತನ್ನೇ ಹೇಳುತ್ತಿದೆ, ಹಗಲೆಲ್ಲ ಹೇಳುತ್ತಿದೆ. ಅದರ ಕೆಳಗೆ ಬೆರಳಿಟ್ಟು ಓದುವವರು ಯಾರೂ ಇಲ್ಲ.